ಬಜೆ ಕೀಳುವ ಕೈ

ಬಸ್ಸಿಲ್ಲ, ಡಾಂಬರು ರಸ್ತೆಯಿಲ್ಲ. ಹುಲಿಯೂ ಹಸುವೂ ಪಾಳಿ ಹಾಕಿಕೊಂಡು ಒಂದೇ ಹಳ್ಳದ ನೀರು ಕುಡಿಯುತ್ತಿದ್ದ ಕಾಲ. ಆಗ ಬಂಡೀಪುರದ ಕಾಡಂಚಿನಲ್ಲಿ ಒಬ್ಬಳು ತಾಯಿ ಇದ್ದಳಂತೆ. ಅವಳಿಗೊಬ್ಬ ಮಗ. ಮೂರು ವರ್ಷ ತುಂಬಿದರೂ ಅವನ ಬಾಯಿಂದ ಒಂದು ಮಾತಿಲ್ಲ.

ದಾರಿಹೋಕ ಮುದುಕಿಯೊಬ್ಬಳು ಬಜೆ ಬೇರಿನ ತುಂಡು ಕೊಟ್ಟು, "ನೆಡು. ವರ್ಷ ಕಳೆದ ಮೇಲೆ ಕಿತ್ತು, ತೇಯ್ದು, ಮಗನ ನಾಲಿಗೆಗೆ ಹಚ್ಚು" ಎಂದಳು. ತಾಯಿ ನೀರು ನಿಲ್ಲುವ ಜಾಗ ನೋಡಿ ನೆಟ್ಟಳು. ವರ್ಷ ಕಾದಳು. ತಾನೇ ಕಿತ್ತಳು, ತಾನೇ ತೇಯ್ದು ಹಚ್ಚಿದಳು. ಮಗ ಮಾತಾಡಲಿಲ್ಲ.

ತಾಯಿ ಹೋಗಿ ಬೇರನ್ನೇ ಕೇಳಿದಳು. ಬೇರು ಮುಖ ತಿರುಗಿಸಿಕೊಂಡು ಹೇಳಿತು: "ಮಣ್ಣಲ್ಲಿ ಮಲಗಿಸಿದವಳು ನೀನು. ಮಲಗಿಸಿದ ಕೈಯೇ ಎಬ್ಬಿಸಿ ಕುಯ್ದರೆ ನನಗೆ ಬೇಸರವಾಗುವುದಿಲ್ಲವೇ? ನಾನೇ ಮಾತು ಬಿಟ್ಟು ಕೂತಿದ್ದೇನೆ. ನಿನ್ನ ಮಗನಿಗೆ ಎಲ್ಲಿಂದ ತಂದುಕೊಡಲಿ?"

ಮರುವರ್ಷವೂ ಆ ತಾಯಿಯೇ ನೆಟ್ಟಳು. ಕಿತ್ತದ್ದು ಬೇರೆ ಮನೆಯ ಕೈ. ಹುಡುಗ ಅವತ್ತೇ ಮಾತಾಡಿದ. ಆಮೇಲೆ ಸಾಯುವವರೆಗೂ ಬಾಯಿ ಮುಚ್ಚಲಿಲ್ಲವಂತೆ.

ಭೀಮನಬೀಡಿನ ಗುರುಮಲ್ಲಮ್ಮ ಈ ಕಥೆಯನ್ನು ಮೊಮ್ಮಗಳು ದಾನೇಶ್ವರಿಗೆ ಎಷ್ಟು ಸಲ ಹೇಳಿದ್ದರೋ ಅವರಿಗೇ ಗೊತ್ತಿಲ್ಲ. ಆ ಮನೆಯಲ್ಲಿ ಅದು ನಿಯಮವೂ ಆಗಿತ್ತು. ಬೇರೆ ಮನೆಯಲ್ಲಿ ಹುಟ್ಟಿ ಬಂದ ಅಜ್ಜಿ ಬಜೆ ನೆಡುತ್ತಿದ್ದರು, ಈ ಮನೆಯ ಅಜ್ಜ ಕೀಳುತ್ತಿದ್ದರು. ಕೀಳುತ್ತೇನೆಂದು ಒಬ್ಬರು ಮಾತು ಕೊಟ್ಟರೆ ಆ ಪಾತಿಗೆ ಇನ್ನೊಬ್ಬರ ಕೈ ಹಾಕಿಸುವ ಹಾಗಿರಲಿಲ್ಲ.

ಅಜ್ಜ ಹೋಗಿ ಮೂರು ವರ್ಷವಾಗಿತ್ತು. ತೋಟದ ತೊಟ್ಟಿ ಪಕ್ಕದ ಬಜೆ ಪಾತಿ ಹಾಳುಬಿದ್ದಿತ್ತು. ಡಬ್ಬಿಯಲ್ಲಿ ಒಣಬೇರು ತಳ ಕಂಡಿತ್ತು. ಗಂಟಲು ಕಟ್ಟಿದೆ, ಕೆಮ್ಮು ಬಿಡುತ್ತಿಲ್ಲ ಎಂದು ಬಾಗಿಲಿಗೆ ಬಂದವರನ್ನು ಅಜ್ಜಿ ಬರಿಗೈಯಲ್ಲಿ ಕಳಿಸುವಂತಾಗಿತ್ತು.

"ಈ ಸಲ ನಾನು ನೆಡ್ತೀನಿ ಅಜ್ಜಿ" ಎಂದಳು ದಾನೇಶ್ವರಿ.

"ನೆಡು ಕೂಸೆ. ಕೀಳೋರ್ಯಾರು?"

"ಇನ್ನೂ ವರ್ಷ ಐತಲ್ಲ. ಯಾರಾದ್ರೂ ಸಿಕ್ತಾರೆ."

ಹಾಗೆ ಹೇಳಿ ಅವಳು ಜೂನ್ ತಿಂಗಳ ಒಂದು ಭಾನುವಾರ ಹರದನಹಳ್ಳಿಯ ಚಿಕ್ಕಜ್ಜಿಯ ಮನೆಯಿಂದ ಒಂದು ಮೂಟೆ ಹಸಿ ಬಜೆ ಗೆಡ್ಡೆ ತುಂಬಿಕೊಂಡು, ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದಳು.

"ಇದ್ಯಾರ್ದು ಮೂಟೆ?"

ಕಂಡಕ್ಟರ್ ಕೇಳಿದ. ಅವನ ಬಾಯಿ ಆಡಿತೇ ಹೊರತು ಸ್ವರ ಬರಲಿಲ್ಲ. ಗಂಟಲಿನಿಂದ ಬರೀ ಗಾಳಿಯಂಥ ಪಿಸುದನಿ.

"ನಂದು."

"ಏನೈತೆ ಒಳ್ಗೆ? ಇಡೀ ಬಸ್ ಘಾಟು."

"ಬಜೆ."

"ಲಗೇಜ್ ಆಯ್ತದೆ."

"ನಮ್ಗೆ ಫ್ರೀ ಅಲ್ವಾ?"

"ನಿಮ್ಗೆ ಫ್ರೀ ಮೇಡಂ. ಬಜೆ ಹೆಂಗ್ಸಲ್ಲ."

ಹಿಂದಿನ ಸೀಟಿನಲ್ಲಿದ್ದ ಮುದುಕ ಹುಚ್ಚಯ್ಯ ಜೋರಾಗಿ ನಕ್ಕ. ಭೀಮನಬೀಡಿನವನೇ, ಕೆಲಸವಿದ್ದರೂ ಇಲ್ಲದಿದ್ದರೂ ದಿನಕ್ಕೊಂದು ಬಸ್ಸು ಹತ್ತದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಆಧಾರ್ ಕೇಳ್ಲಾ ಅದ್ಕೂ" ಎಂದ.

ದಾನೇಶ್ವರಿಗೆ ಮೈ ಉರಿಯಿತು. ಮೂಟೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಕೆಸರು ನೀರು ಚೂಡಿದಾರದ ಮೇಲೆ ಇಳಿಯತೊಡಗಿತು. "ಮಡ್ಲಲ್ಲಿ ಕೂತಿದ್ರೆ ಲಗೇಜ್ ಅಲ್ವಲ್ಲ. ಈಗೇನ್ಮಾಡ್ತೀರಿ?"

ಅವನು ಅವಳ ಬಟ್ಟೆ ನೋಡಿದ, ಮೂಟೆ ನೋಡಿದ. ಏನೋ ಹೇಳಲು ಹೋಗಿ ಕೆಮ್ಮಿದ. ಮೂಟೆಯನ್ನು ಅವಳ ತೊಡೆಯಿಂದ ಎತ್ತಿ ತನ್ನ ಸೀಟಿನ ಕೆಳಗಿಟ್ಟು, ಲಗೇಜಿನ ಟಿಕೆಟನ್ನು ತನ್ನ ದುಡ್ಡಲ್ಲೇ ಹರಿದು ಜೇಬಿಗಿಟ್ಟುಕೊಂಡ.

'ಕೊಬ್ಬು' ಎಂದುಕೊಂಡಳು ಅವಳು. ಕಿಟಕಿಯ ಕಡೆ ತಿರುಗಿದಳು.

ತೆರಕಣಾಂಬಿ ಬಂತು. ಅವನು "ತೆರಕಣಾಂಬಿ" ಎಂದು ಕೂಗಲು ನೋಡಿದ. ಸ್ವರವೇ ಹೊರಡಲಿಲ್ಲ. ಕಂಬಿ ಬಡಿದು ಸದ್ದು ಮಾಡಿದ. ನಿದ್ದೆ ಹೋಗಿದ್ದ ಒಬ್ಬ ಹೆಂಗಸು ಇಳಿಯದೆ ಮುಂದಕ್ಕೆ ಬಂದು, ಎಚ್ಚರವಾದ ಮೇಲೆ ಅವನಿಗೆ ವಾಚಾಮಗೋಚರ ಬೈದಳು. ಅವನು ತಲೆ ತಗ್ಗಿಸಿ ನಿಂತಿದ್ದ. ತಿರುಗಿ ಒಂದು ಮಾತಾಡಲಿಲ್ಲ... ಆಡಲು ಆಗುತ್ತಲೂ ಇರಲಿಲ್ಲ.

ದಾನೇಶ್ವರಿಯ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಪರ್ಸಿನಲ್ಲಿ ಚಿಕ್ಕಜ್ಜಿ ಹಾಕಿಕೊಟ್ಟಿದ್ದ ಒಣಬಜೆಯ ತುಂಡಿತ್ತು. ಕಡಲೆಕಾಳಿನಷ್ಟು ಮುರಿದು ಚಾಚಿದಳು.

"ತಗೊಳ್ಳಿ. ನುಂಗ್ಬೇಡಿ. ದವಡೇಲಿ ಒತ್ತಿಟ್ಕೊಂಡು ರಸ ಇಳ್ಯಕ್ಕೆ ಬುಡಿ."

ಅವನು ಬಾಯಿಗಿಟ್ಟ. ಎರಡು ನಿಮಿಷಕ್ಕೆ ಮುಖ ಸೊಟ್ಟಗಾಯಿತು. ಕಣ್ಣಲ್ಲಿ ನೀರು.

"ಇದೇನ್ ಮೇಡಂ, ಲಗೇಜ್ ಕೇಳಿದ್ದಕ್ಕೆ ಶಿಕ್ಷೆನಾ?"

"ಖಾರ, ಕಹಿ ಎರಡೂ ಇರ್ತದೆ. ಉಗೀಬ್ಯಾಡಿ ಅಷ್ಟೇ. ಮೂರು ದಿನಕ್ಕೂ ಸ್ವರ ಬರ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ನಮ್ಮಜ್ಜಿನೂ ಅದೇ ಹೇಳೋದು."

ಮೂರು ದಿನ ಬೇಕಾಗಲಿಲ್ಲ.

ದಾನೇಶ್ವರಿ ಕೆಲಸ ಮಾಡುತ್ತಿದ್ದದ್ದು ಗುಂಡ್ಲುಪೇಟೆಯ ಒಂದು ನರ್ಸರಿಯಲ್ಲಿ. ದಿನಾ ಬೆಳಿಗ್ಗೆ ಭೀಮನಬೀಡಿಗೆ ಬರುವ ಮೊದಲ ಬಸ್ಸೇ ಅವಳ ಬಸ್ಸು. ಮಂಗಳವಾರ ಬಾಗಿಲಲ್ಲಿ ನಿಂತು ಊರೆಲ್ಲ ಕೇಳುವಂತೆ "ಗುಂಡ್ಲುಪೇಟೆ, ಗುಂಡ್ಲುಪೇಟೆ" ಎಂದು ಕೂಗುತ್ತಿದ್ದವನನ್ನು ಕಂಡು ಅವಳಿಗೆ ನಗು ಬಂತು. ಆ ಗಾಳಿಯ ಸದ್ದಿನ ಹಿಂದೆ ಇಂಥ ತುಂಬು ಸ್ವರ ಇತ್ತೇ?

"ಡ್ಯೂಟಿ ಇಲ್ಲಿಗೆ ಹಾಕವ್ರೆ" ಎಂದ. ಹೆಸರು ಶಾಂತರಾಜು, ತೆರಕಣಾಂಬಿಯವನು. "ಇನ್ನೊಂದ್ ಚೂರು ಐತಾ ಮೇಡಂ, ಆ ಶಿಕ್ಷೆ?"

ಇತ್ತು. ವಾರಕ್ಕೊಂದು ಚೂರಿನಂತೆ ಕೊಟ್ಟಳು. ಚೂರಿನ ನೆಪದಲ್ಲಿ ಮಾತು ಬೆಳೆಯಿತು. ಎಳೆ ಬಜೆ ಎಲೆ ಮೊಣಕಾಲುದ್ದ ಬಂತು, ಕತ್ತಿಯ ಹಾಗೆ ನೆಟ್ಟಗೆ ನಿಂತಿದೆ ಎಂದು ಅವಳು ವರದಿ ಒಪ್ಪಿಸುವಳು. ನೀರು ಬಿಟ್ಟಾಯಿತಾ, ಕಳೆ ತೆಗೆದಾಯಿತಾ ಎಂದು ಅವನು ಟಿಕೆಟ್ ಕೊಡುತ್ತಲೇ ಕೇಳುವನು. 'ಮೇಡಂ' ಹೋಗಿ 'ದಾನೇಶ್ವರಿ' ಬಂತು. ದೀಪಾವಳಿಯ ಹೊತ್ತಿಗೆ 'ದಾನಿ'. ಅವಳು ಮಾತ್ರ 'ಕಂಡಕ್ಟ್ರೇ' ಬಿಡಲಿಲ್ಲ.

ಒಂದು ದಿನ ಚೂರು ಮುಗಿದುಹೋಯಿತು.

"ಇನ್ನು ಬೇಕು ಅಂದ್ರೆ ಹೊಸ ಬೆಳೆ ಬರ್ಬೇಕು" ಎಂದಳು. ಬೇರಿನ ಮುನಿಸಿನ ಕಥೆಯನ್ನೂ ಹೇಳಿದಳು. "ನೆಟ್ಟಿರೋದು ನಾನು. ಕೀಳಕ್ಕೆ ಬೇರೆ ಮನೆ ಕೈ ಬೇಕು."

ಶಾಂತರಾಜು ಟಿಕೆಟ್ ಮೆಷಿನ್ ಹಿಡಿದ ತನ್ನ ಕೈ ನೋಡಿಕೊಂಡ. "ಇದು ಆಗಲ್ವಾ?"

ಬಸ್ಸಿನ ಸದ್ದಿನಲ್ಲೂ ಅದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಅಜ್ಜಿನ ಕೇಳ್ಬೇಕು" ಎಂದಳು.

ಮುಂದಿನ ರಜೆಯಲ್ಲಿ ಅವನು ತೋಟಕ್ಕೆ ಬಂದ. ಗುರುಮಲ್ಲಮ್ಮ ಅವನನ್ನು ಪಾತಿಯ ಬದುವಿನ ಮೇಲೆ ಕೂರಿಸಿ, ಅಂಗೈ ತಿರುಗಿಸಿ ನೋಡಿದರು.

"ಗುದ್ದಲಿ ಹಿಡ್ದಿದ್ದೀಯೇನಪ್ಪ?"

"ಹತ್ತನೇ ಕ್ಲಾಸ್‌ವರ್ಗೂ ಹಿಡ್ದಿದ್ದೆ ಅಜ್ಜಿ. ಆಮೇಲೆ ಬ್ಯಾಗ್ ಹಿಡ್ಕೊಂಡೆ."

"ಎಲೆ ಹಳದಿ ತಿರುಗ್ದಾಗ ಕೀಳ್ಬೇಕು. ಶಿವರಾತ್ರಿ ಕಳ್ದು ಬರೋ ಮೊದಲ್ನೇ ಸೋಮವಾರ. ಬತ್ತೀನಿ ಅಂದ್ರೆ ಬರ್ಬೇಕು. ನೀನು ಮಾತು ಕೊಟ್ಮೇಲೆ ಬ್ಯಾರೆಯೋರ್ನ ಇಳ್ಸಂಗಿಲ್ಲ ನಾವು."

"ಬತ್ತೀನಿ."

ಅವನು ಹೇಳಿದ್ದು ಅಜ್ಜಿಗೆ, ನೋಡಿದ್ದು ದಾನಿಯನ್ನು. ಮೂವರಿಗೂ ಏನು ತಿಳಿಯಬೇಕೋ ಅದು ತಿಳಿಯಿತು.

ಸಂಕ್ರಾಂತಿ ಕಳೆಯುತ್ತಲೇ ಶಾಂತರಾಜುವನ್ನು ಕೊಳ್ಳೇಗಾಲದ ರೂಟಿಗೆ ಹಾಕಿದರು. ಸಂಜೆ ಫೋನು ಮಾಡುತ್ತಿದ್ದ. "ಸೋಮವಾರಕ್ಕೆ ರಜೆ ಬರ್ದಿದ್ದೀನಿ" ಎಂದು ಎರಡು ಸಲ ಹೇಳಿದ.

ಇತ್ತ ಮನೆಯಲ್ಲಿ ಅಪ್ಪ ಮರಿಮಲ್ಲಪ್ಪ ಅರಿಸಿನ ಬೇಯಿಸುವ ಗಡಿಬಿಡಿಯ ನಡುವೆಯೇ ಇನ್ನೊಂದು ಸುದ್ದಿ ಎತ್ತಿದರು. ಹಂಗಳದ ಸೋದರಮಾವನ ಮಗ ಮಾದೇಶನಿಗೆ ದಾನಿಯನ್ನು ಕೊಡುವ ಮಾತು. "ಯುಗಾದಿಗೆ ಮಾತು ಮುಗ್ಸನ" ಎಂದರು.

'ಸೋಮವಾರ ಬರಲಿ. ಅವನು ಬಂದು ಪಾತಿಗಿಳಿದರೆ ಅಪ್ಪನಿಗೆ ನಾನೇ ಹೇಳ್ತೀನಿ' ಎಂದು ದಾನಿ ನಿಶ್ಚಯಿಸಿಕೊಂಡಳು. ಆ ಒಂದು ದಿನದ ಮೇಲೆ ಅವಳ ಎಲ್ಲವೂ ನಿಂತಿತ್ತು.

ಭಾನುವಾರ ರಾತ್ರಿ ಕಾಡುಹಂದಿಗಳು ಬೇಲಿ ಮುರಿದವು.

ಬೆಳಿಗ್ಗೆ ದಾನಿ ಓಡಿಹೋಗಿ ನೋಡಿದಾಗ ಪಾತಿ ಉತ್ತ ಹಾಗಿತ್ತು. ಎರೆಹುಳದ ಆಸೆಗೆ ಹಸಿ ಮಣ್ಣನ್ನೆಲ್ಲ ಮೂತಿಯಿಂದ ಮಗುಚಿದ್ದವು. ಬಜೆಯ ಘಾಟಿಗೆ ಬೇರನ್ನು ತಿಂದಿರಲಿಲ್ಲ, ಕಿತ್ತು ಎಸೆದಿದ್ದವು ಅಷ್ಟೇ. ಹಿಂದಿನ ದಿನ ಅರಿಸಿನದ ಕೆಲಸಕ್ಕೆಂದು ಬಂದು ಉಳಿದುಕೊಂಡಿದ್ದ ಮಾದೇಶ ಗುದ್ದಲಿ ಹಿಡಿದು ಬಂದ.

"ಅಜ್ಜಿ ಏನಂತಾರೆ ಕೇಳ್ಕೊಂಡ್ ಬತ್ತೀನಿ ಭಾವ. ಅಲ್ಲಿಗಂಟ ಮಣ್ಣು ಸರಿ ಮಾಡಿರು, ಗೆಡ್ಡೆಗೆ ಗುದ್ದಲಿ ತಾಗಿಸ್ಬೇಡ" ಎಂದು ಅವಳು ಮನೆಗೆ ಓಡಿದಳು.

ಅಜ್ಜಿ ಹೇಳಿದರು: "ಹಂದಿ ಕಿತ್ರೆ ಕಿತ್ತಂಗಲ್ಲ. ಎಲ್ಲಾನೂ ಮತ್ತೆ ಮಣ್ಣಲ್ಲಿ ಮುಚ್ಚು. ಬರೋನು ಬತ್ತಾನೆ."

ಎಲ್ಲವನ್ನೂ ದಾನಿಯೇ ಮುಚ್ಚಿದಳು. ಕೈ ತೊಳೆದು, ತಲೆ ಬಾಚಿ, ಬದುವಿನ ಮೇಲೆ ಕೂತಳು. ಹತ್ತು ಗಂಟೆಯ ಬಸ್ಸು ಬಂತು. ಎರಡರ ಬಸ್ಸು ಬಂತು. ಸಂಜೆಯದೂ ಬಂತು...

ಅವನು ಬರಲಿಲ್ಲ.

ಫೋನು ಮಾಡಿದಳು. ಕಟ್ಟಾಯಿತು. ಇನ್ನೊಮ್ಮೆ ಮಾಡಿದಳು. ಮತ್ತೆ ಕಟ್ಟಾಯಿತು. ಮೂರನೇ ಸಲ ಮಾಡಲಿಲ್ಲ. 'ನಾನೇನು ಅವನ ಕಾಲು ಹಿಡೀಬೇಕಾ?' ರಾತ್ರಿ ದಿಂಬಿಗೆ ಮುಖವೊತ್ತಿ ಅತ್ತಳು. ಬೆಳಿಗ್ಗೆ ಎದ್ದು ನರ್ಸರಿಗೆ ಹೋಗಿ ಇನ್ನೂರು ಸೇವಂತಿಗೆ ಸಸಿ ಕವರಿಗೆ ತುಂಬಿದಳು.

ಮೂರು ವಾರ ಕಳೆಯಿತು. ಬಜೆಯ ಎಲೆ ಹಳದಿ ತಿರುಗಿ ಒಣಗಿತು. ಒಂದು ಮಳೆ ಬಿದ್ದರೆ ಬೇರು ಮತ್ತೆ ಚಿಗುರುತ್ತದೆ. ಆಮೇಲೆ ಅದರಲ್ಲಿ ಸತ್ವವಿರುವುದಿಲ್ಲ.

ಮರಿಮಲ್ಲಪ್ಪ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: "ಆ ಕಂಡಕ್ಟರ್ ಬರಂಗ್ ಕಾಣಲ್ಲ. ಹಬ್ಬದ ದಿನ ಮಾದೇಶನ್ ಕೈಲೇ ಕೀಳ್ಸನ. ಎಲ್ಲಾ ಒಂದೇ ಸಲ ಆಗೋಗ್ಲಿ."

ದಾನಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಗುರುಮಲ್ಲಮ್ಮ ಮೊಮ್ಮಗಳನ್ನು ನೋಡಿ, "ಹಬ್ಬಕ್ಕೆ ಇನ್ನೂ ಐದು ದಿನ ಐತೆ. ಮೊದ್ಲು ಉಣ್ಣು" ಎಂದರು.

ಮರುದಿನ ಬಸ್ಸಿನಲ್ಲಿ ಹುಚ್ಚಯ್ಯ ಸಿಕ್ಕ. ಮೂರು ವಾರದಿಂದ ನಂಜನಗೂಡಿನ ಮಗಳ ಮನೆಯಲ್ಲಿದ್ದವನು ಹಿಂದಿನ ಸಂಜೆ ಊರಿಗೆ ಬಂದಿದ್ದ.

"ಏನಮ್ಮಿ, ಬಜೆ ಕಿತ್ತಾಯ್ತಾ? ಆ ಶಾಂತಂಗೆ ಏನಾಗಿತ್ತು ಅವತ್ತು?"

"ಯಾವತ್ತು ತಾತ?"

"ನಾನು ನಂಜನಗೂಡ್ಗೆ ಹೊಂಟ ದಿನ ಕಣ. ಸೋಮವಾರ. ಮೊದ್ಲನೇ ಬಸ್ಸಲ್ಲಿ ಬಂದು ಇಳ್ದ, ಹೊಸ ಶರ್ಟು. ನಿಮ್ ತೋಟದ್ ಕಡೆ ನಡ್ದ. ಬಸ್ ತಿರುಗ್ಸೋ ಹೊತ್ಗೆ ವಾಪಸ್ ಬಂದು ಅದೇ ಬಸ್ ಹತ್ಬುಟ್ಟ. ಮಾತಾಡ್ಸುದ್ರೆ ಮಾತಿಲ್ಲ. ನಾನೂ ಯಾಕ್ಲಾ ಅಂದೆ. 'ಪಾತಿ ಕಿತ್ತಾಗದೆ ತಾತ' ಅಂದ, ಅಷ್ಟೇಯ."

ದಾನಿ ಆ ಸೋಮವಾರದ ಬೆಳಗನ್ನು ಲೆಕ್ಕ ಹಾಕಿದಳು.

ಬಂದಿದ್ದ. ಮೊದಲ ಬಸ್ಸಿಗೇ ಬಂದಿದ್ದ... ತಾನು ಅಜ್ಜಿಯನ್ನು ಕೇಳಲು ಓಡಿದ್ದ ಹೊತ್ತಿಗೆ. ಅವನು ಕಂಡದ್ದು ಮಗುಚಿಬಿದ್ದ ಪಾತಿ, ರಾಶಿ ಬಿದ್ದ ಗೆಡ್ಡೆ, ನಡುವೆ ಗುದ್ದಲಿ ಹಿಡಿದ ಮಾದೇಶ.

ಗುಂಡ್ಲುಪೇಟೆಯಲ್ಲಿ ಇಳಿದವಳು ನರ್ಸರಿಗೆ ಹೋಗಲಿಲ್ಲ. ಚಾಮರಾಜನಗರದ ಬಸ್ಸು ಹಿಡಿದಳು. ಅಲ್ಲಿಯ ನಿಲ್ದಾಣದಲ್ಲಿ ಒಂದೊಂದೇ ಕೊಳ್ಳೇಗಾಲದ ಬಸ್ಸಿನ ಬಾಗಿಲಿಗೆ ಹೋಗಿ ಇಣುಕಿದಳು. ನಾಲ್ಕನೆಯದರಲ್ಲಿ ಅವನಿದ್ದ. ಸೊರಗಿದ್ದ. ಗಡ್ಡ ಬಂದಿತ್ತು. ಅವಳನ್ನು ಕಂಡು ಟಿಕೆಟ್ ಮೆಷಿನ್ ಮೇಲಿನ ಬೆರಳು ನಿಂತಿತು.

"ಎಲ್ಲಿಗೆ?" ಎಂದ. ಸ್ವರ ಮತ್ತೆ ಗಾಳಿಯಾಗಿತ್ತು.

"ನೀವು ಬಾಯಿ ಬುಡೋವರ್ಗೂ."

"ಅಂಥ ಸ್ಟಾಪ್ ಇಲ್ಲ."

"ಹಂಗಾದ್ರೆ ಕೊಳ್ಳೇಗಾಲಕ್ಕೆ ಕೊಡಿ. ಫೋನ್ ಯಾಕೆ ಕಟ್ ಮಾಡಿದ್ರಿ?"

ಅವನು ಅಕ್ಕಪಕ್ಕ ನೋಡಿದ. ಎರಡೂ ಸಾಲಿನ ಜನ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು.

"ನೀವೇ ತಾನೆ ಹೇಳಿದ್ದು" ಎಂದ ಸಣ್ಣಗೆ. "ಮಾತು ಕೊಟ್ಟೋನ್ನ ಬುಟ್ಟು ಬ್ಯಾರೆ ಕೈ ಹಾಕ್ಸಂಗಿಲ್ಲ ಅಂತ. ಹಾಕ್ಸಿದ್ದೀರಿ ಅಂದ್ರೆ... ನನ್ ಕೈ ಬ್ಯಾಡ ಅಂತ ತಾನೆ? ಅದೂ ಮಾವನ್ ಮಗ, ನೀವೇ ಒಂದಿನ ಬಸ್ಸಲ್ಲಿ ತೋರ್ಸಿದ್ರಲ್ಲ. ಮನೆಯೋರು ಒಪ್ಪಿರ್ತಾರೆ. ನಾನು ನಡುವೆ ನಿಂತು ನಿಮ್ಗೆ ಯಾಕೆ ಕಷ್ಟ ಕೊಡ್ಲಿ ಅಂತ..."

"ಕಿತ್ತಿದ್ದು ಮಾದೇಶ್ ಭಾವ ಅಲ್ಲ ಕಂಡಕ್ಟ್ರೇ. ಹಂದಿ."

"ಏನು?"

"ಕಾಡುಹಂದಿ. ಹತ್ತೋ ಹನ್ನೆರಡೋ. ಎಲ್ಲಾನೂ ತಿರುಗಿ ಮಣ್ಣಲ್ಲಿ ಮುಚ್ಚಿ, ಸಂಜೆವರ್ಗೂ ಬದುವಿನ್ ಮೇಲೆ ಕೂತಿದ್ದೆ. ನೀವು ಹಂದಿ ಮೇಲೆ ಹೊಟ್ಟೆಕಿಚ್ಚು ಪಟ್ಕೊಂಡು ಫೋನ್ ಕಟ್ ಮಾಡ್ತಿದ್ರಿ."

ಮುಂದಿನ ಸೀಟಿನ ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಡ್ರೈವರ್ ಶಂಕರ್ ಕನ್ನಡಿಯಲ್ಲಿ ನೋಡಿ, "ಶಾಂತಣ್ಣ, ವಿಸಿಲ್ ಹಾಕ್ತೀಯೋ, ನಾನೇ ಇಳ್ದು ಹೋಗ್ಲೋ?" ಎಂದ.

ಶಾಂತರಾಜುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾನು ಒಂದ್ಮಾತು ಕೇಳ್ಬೇಕಿತ್ತು" ಎಂದ.

"ಕೇಳ್ಬೇಕಿತ್ತು. ನಾನೂ ಮೂರನೇ ಸಲ ಫೋನ್ ಮಾಡ್ಬೇಕಿತ್ತು. ಈಗ ಕೇಳಿ. ನಂಗೆ ನಿಮ್ ಕೈಯೇ ಬೇಕು. ಪಾತಿಗೆ ಮಾತ್ರ ಅಲ್ಲ." ಎರಡೂ ಸಾಲಿನವರು ಅವಳನ್ನೇ ನೋಡುತ್ತಿದ್ದರು. ಆದರೂ ಅವಳು ನಿಲ್ಲಿಸಲಿಲ್ಲ. "ಯುಗಾದಿ ದಿನ ಮಾದೇಶ್ ಭಾವನ್ನ ಪಾತಿಗೆ ಇಳ್ಸಿ ಮಾತು ಮುಗ್ಸ್ತಾರೆ. ಅದಕ್ಕೆ ಮುಂಚೆ ಬರ್ಬೇಕು. ಬತ್ತೀರಾ?"

ಅವನು ಏನೋ ಹೇಳಿದ. ಸ್ವರ ಹೊರಡಲಿಲ್ಲ. ತಲೆಯಾಡಿಸಿದ. ಸಾಲದೆನಿಸಿ ಮತ್ತೊಮ್ಮೆ ಜೋರಾಗಿ ಆಡಿಸಿದ.

ಹಬ್ಬಕ್ಕೆ ಎರಡು ದಿನವಿತ್ತು. ಮೊದಲ ಬಸ್ಸಿಗೆ ಶಾಂತರಾಜು ಇಳಿದ. ಈ ಸಲ ತೋಟಕ್ಕೆ ಹೋಗದೆ ನೇರ ಮನೆಗೆ ಬಂದು, ಜಗುಲಿಯಲ್ಲಿದ್ದ ಮರಿಮಲ್ಲಪ್ಪನ ಎದುರು ನಿಂತ.

"ಬಜೆ ಕೀಳ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೆ. ತಡ ಆಯ್ತು. ತಪ್ಪು ನಂದು."

ಮರಿಮಲ್ಲಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. ಹಿಂದಿನ ರಾತ್ರಿ ಮಗಳು ಎಲ್ಲವನ್ನೂ ಹೇಳಿದ್ದಳು. ಅವ್ವ ಗುರುಮಲ್ಲಮ್ಮನೂ ಹೇಳಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ದಾನಿಯಿಂದಲೇ ವಿಷಯ ತಿಳಿದ ಮಾದೇಶನೇ ಫೋನು ಮಾಡಿ, "ಮಾವ, ದಾನಿ ಬೈಗುಳ ತಿಂದು ಬದುಕೋ ಶಕ್ತಿ ನಂಗಿಲ್ಲ, ಬುಟ್ಬುಡಿ ನನ್ನ" ಎಂದಿದ್ದ.

"ಗುದ್ದಲಿ ಕೊಟ್ಟಿಗೇಲದೆ" ಎಂದರು ಕೊನೆಗೆ. "ತಗೊಂಡೋಗು."

ದಾನಿ ಬದುವಿನ ಮೇಲೆ ನಿಂತಳು. ಅವಳು ಕೈ ಹಾಕುವ ಹಾಗಿರಲಿಲ್ಲ. ಗುರುಮಲ್ಲಮ್ಮ ಬಾಳೆಗಿಡದ ನೆರಳಿನಲ್ಲಿ ಕೂತು, ಎಲ್ಲಿಂದ ಹಿಡಿಯಬೇಕು, ಎಷ್ಟು ಆಳಕ್ಕೆ ಹೋಗಬೇಕು ಎಂದು ಹೇಳುತ್ತಿದ್ದರು.

"ಮೇಲಿಂದ ಜಗ್ಗಬ್ಯಾಡ್ವೋ, ಮುರೀತದೆ. ಮಗ್ಗುಲಿಂದ ಮಣ್ಣು ಬುಡ್ಸು. ಹಾ, ಹಂಗೆ."

ಮೊದಲ ಗೆಡ್ಡೆ ಮೇಲೆ ಬಂತು. ಹೆಬ್ಬೆರಳು ದಪ್ಪ, ಗೆಣ್ಣು ಗೆಣ್ಣಾಗಿ, ಮೈತುಂಬ ನಾರು. ಘಾಟು ತೋಟವನ್ನೆಲ್ಲ ತುಂಬಿತು. ಅವನು ಒಂದೊಂದನ್ನೂ ತೊಟ್ಟಿಯ ನೀರಿಗೆ ಅದ್ದಿ, ಗೋಣಿಯ ಮೇಲೆ ಸಾಲಾಗಿಟ್ಟ. ಹೊತ್ತು ನೆತ್ತಿಗೇರಿತು. ಶರ್ಟು ಕೆಸರಾಯಿತು. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ದಾನಿ ನೋಡಿದಳು. 'ಸಾಕು ಬಿಡಿ' ಎನ್ನಲು ಹೋಗಿ, ಕುಡಿಯುವ ನೀರು ತಂದು ಬದುವಿನ ಮೇಲಿಟ್ಟಳು.

ಮರಿಮಲ್ಲಪ್ಪ ಅತ್ತ ಬಂದವರು ಗೋಣಿಯ ಮೇಲಿನ ಸಾಲು ನೋಡಿದರು. "ಒಂದೂ ಮುರ್ದಿಲ್ಲ" ಎಂದರು ತಮ್ಮಷ್ಟಕ್ಕೆ. ಮಗಳ ಕಡೆ ತಿರುಗಿ, "ಊಟಕ್ಕೆ ಇಲ್ಲೇ ಇರ್ಲಿ. ಅವರ ಅಪ್ಪ ಅವ್ವ ಯಾವತ್ತು ಬತ್ತಾರೆ ಕೇಳು" ಎಂದು ನಡೆದುಬಿಟ್ಟರು.

ದಾನಿಯ ಕಣ್ಣು ಮಂಜಾಯಿತು.

ಪಾತಿಯ ಮೂಲೆಯಲ್ಲಿ ಒಂದು ಗೆಡ್ಡೆ ಉಳಿದಿತ್ತು, ತೊಟ್ಟಿಯ ಕಲ್ಲಿನಡಿಗೆ ಇಳಿದದ್ದು. ಗುದ್ದಲಿ ಹೋಗುತ್ತಿರಲಿಲ್ಲ. ಅವನು ಮೊಣಕಾಲೂರಿ, ಮೊಣಕೈವರೆಗೆ ಕೆಸರಿಗೆ ಕೈಬಿಟ್ಟು ತಡಕಿದ.

"ಸಿಕ್ತಾ?" ಅವಳು ಬದುವಿನಿಂದ ಬಗ್ಗಿ ಕೇಳಿದಳು.

"ಸಿಕ್ಕದೆ. ಜಗ್ಗಿದ್ರೆ ಮುರೀತದೆ. ತಡಿ."

"ನಿಧಾನ ಮಾಡಿ. ಅಪ್ಪ ಕೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ಭಾನುವಾರ ಕರ್ಕೊಂಡ್ ಬತ್ತೀನಿ." ಕೆಸರಿನೊಳಗೆ ಬೆರಳಾಡಿಸುತ್ತಲೇ ಹೇಳಿದ. "ಇನ್ಮೇಲೆ ಏನೇ ಕಂಡ್ರೂ ಮೊದ್ಲು ನಿನ್ನ ಕೇಳ್ತೀನಿ ದಾನಿ."

"ನಾನೂ ನೀವು ಎತ್ತೋವರ್ಗೂ ಫೋನ್ ಮಾಡ್ತೀನಿ... ಶಾಂತು."

ಅವನ ಕೈ ಒಂದು ಕ್ಷಣ ನಿಂತಿತು. ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಉಸಿರು ಬಿಗಿಹಿಡಿದು ಮೆಲ್ಲಗೆ ಎತ್ತಿದ. ಕೊನೆಯ ಗೆಡ್ಡೆ ಇಡಿಯಾಗಿ ಮೇಲೆ ಬಂತು.